ಬಳೆಗೆ ಚಾಚಿದ ಕೈ

೧೩ ಜನವರಿ ೧೯೫೮, ಸೋಮವಾರ

ಬಳೆಗಾರನ ಎದುರು ಇವತ್ತು ನನ್ನ ಮಾನ ಹೋಯಿತು. ಕಾರಣ ಮಗ ಜೊಕಿಮ್‌ನ ಹೆಂಡತಿ ಫ್ಲಾವಿಯಾ. ನನ್ನ ಮಗಳು ನೆಲ್ಲಿಯ ಮದುವೆಗೆಂದು ಗಂಡಹೆಂಡತಿ ಲಂಡನ್ನಿನಿಂದ ಬಂದಿದ್ದಾರೆ.

ಮದುಮಗಳಿಗೆ ಬಳೆ ತೊಡಿಸಿದ ಮೇಲೆ ಮನೆಯ ಸೊಸೆಯಂದಿರ ಸರದಿ. ಫ್ಲಾವಿಯಾ ಕೈ ಚಾಚಿದಳು. ಬಳೆಗಾರ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಬಾಯಮ್ಮ, ಇದಕ್ಕೆ ಶಾಲೆ ಮಕ್ಕಳ ಬಳೆಯೇ ಆಗಬೇಕು" ಎಂದ. ಬೀಗರ ಕಡೆಯ ಹೆಂಗಸರು ನಕ್ಕರು. ಒಬ್ಬಳು ಮೆಲ್ಲಗೆ, "ಕ್ಷಯ ಉಂಟಾ ಎಂತ?" ಎಂದದ್ದು ನನ್ನ ಕಿವಿಗೂ ಬಿತ್ತು. ನಾಲ್ಕು ವರ್ಷದ ಹಿಂದೆ ಕೆನ್ನೆ ತುಂಬಿದ ಹುಡುಗಿಯನ್ನೇ ಆರಿಸಿ ತಂದಿದ್ದೆ.

ಅವರೆಲ್ಲ ಹೋದ ಮೇಲೆ ಕೇಳಿದೆ, "ನನ್ನ ಮಗ ಡಾಕ್ಟರು. ನಿನಗೆ ಅನ್ನ ಹಾಕುವುದಿಲ್ಲವಾ?"

"ಅಲ್ಲಿ ನಾನು ದಪ್ಪ, ಮಾಂಯ್. ನನ್ನ ಅಳತೆಯ ಕೋಟು ಅಂಗಡಿಯಲ್ಲಿ ಸಿಗಲಿಲ್ಲ. ನಿಮ್ಮ ಮಗನಿಗೆ ನಾಚಿಕೆಯಾಯಿತು. ಊಟ ಬಿಟ್ಟೆ."

"ಈಗ ಹೆಣಕ್ಕೆ ಸೀರೆ ಉಡಿಸಿದ ಹಾಗೆ ಉಂಟು. ನಾಳೆ ರೋಸಿನ ಶಾಸ್ತ್ರದಲ್ಲಿ ನೆಲ್ಲಿಗೆ ತೆಂಗಿನ ಹಾಲು ಹಚ್ಚಲು ನೀನು ಬರಬೇಡ, ಅಡುಗೆಮನೆಯಲ್ಲಿರು. ಮದುವೆಯ ಫೋಟೋದಲ್ಲಿ ಎಲ್ಲರ ಹಿಂದೆ ನಿಲ್ಲು."

ಅವಳು ಅಳಲಿಲ್ಲ. "ಆಯಿತು ಮಾಂಯ್. ಅಲ್ಲಿಯೂ ನಿಮ್ಮ ಮಗ ನನ್ನನ್ನು ಹಿಂದೆಯೇ ನಿಲ್ಲಿಸುವುದು" ಎಂದು ಪಾತ್ರೆ ತೊಳೆಯಲು ಹೋದಳು.

ಜೊಕಿಮ್‌ನನ್ನು ಬೆಳೆಸಿದವಳು ನಾನೇ. ಆದರೂ ಆಡಿದ ಮಾತನ್ನು ನಾನು ಹಿಂದೆ ತೆಗೆದುಕೊಳ್ಳುವವಳಲ್ಲ. ಹಿಂದೆಯೇ ನಿಲ್ಲಲಿ. ಬೀಗರು ಕೇಳಿದರೆ ಹೇಳುವುದು, ಹಡಗಿನಲ್ಲಿ ವಾಂತಿಯಾಗಿ ಅವಳು ಸ್ವಲ್ಪ ಸೊರಗಿದ್ದಾಳೆ ಎಂದು.