ಗುಂಡನನ್ನು ಕರೆಯುವ ಬಗೆ

ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದವಳು ಕೈ ಒರೆಸಿಕೊಂಡು, ಸ್ನಾನಕ್ಕೆ ಹೋಗಿದ್ದ ಗಂಡನಿಗೆ ಚೀಟಿ ಬರೆದಳು:

"ರೀ, ನಿನ್ನೆ ನೀವು ಕೂಗಿದಷ್ಟೂ ಗುಂಡ ರಸ್ತೆಗೇ ಓಡಿದ. ಲಾರಿಯವನು ಬ್ರೇಕ್ ಹಾಕದಿದ್ರೆ ನಾಯಿ ನಮಗೆ ದಕ್ತಿರಲಿಲ್ಲ. ನೀವು ಕರೆಯೋದು ಮೈ ತೊಳೆಯೋಕೆ, ಇಲ್ಲಾ ಕಟ್ಟಿಹಾಕೋಕೆ. ಅಂಥ ಕರೆಗೆ ಯಾರು ಬರ್ತಾರೆ?

ಇವತ್ತು ಗೇಟು ಹಾಕಿ, ನೆಲದ ಮೇಲೆ ಕೂತು, ಒಂದೇ ಸಲ ಮೆತ್ತಗೆ ಕರೀರಿ. ಬಂದ ಕೂಡಲೇ ಮೊಟ್ಟೆ ಚೂರು ಕೊಟ್ಟು, ಬೆನ್ನು ಸವರಿ, ಮತ್ತೆ ಆಡೋಕೆ ಬಿಡಿ. ತಡವಾಗಿ ಬಂದ್ರೂ ಬೈಬೇಡಿ. ಮೊಟ್ಟೆ ಅವನಿಗೆ, ನಿಮಗಲ್ಲ. ಖಂಡಿತ ಕಲೀತಾನೆ, ನೋಡ್ತಿರಿ."

ಚೀಟಿಯನ್ನು ಬಟ್ಟಲಿನ ಕೆಳಗಿಡುವಷ್ಟರಲ್ಲಿ ಬಚ್ಚಲಿನಿಂದ ಅಬ್ಬರ ಕೇಳಿಸಿತು: "ಲೇ, ಎಲ್ಲಿ ಸತ್ತೆ? ಟವೆಲ್ಲು!"

ಮೆತ್ತಗೆ ಕರೆಯುವವರೆಗೆ ತಾನೂ ಇನ್ನು ಗಂಡನ ಕೂಗಿಗೆ ಓಡಿಬರುವುದಿಲ್ಲವೆಂದು ಮನಸ್ಸಿನಲ್ಲೇ ನಿಶ್ಚಯಿಸಿ, ಅವಳು ಚಪ್ಪಲಿ ಮೆಟ್ಟಿ ಬಾಗಿಲೆಳೆದುಕೊಂಡಳು.