ಮೊದಲ ಸಾಲಿನಲ್ಲಿ ಹೂಳು

ನವೆಂಬರ್ 4, ಮಂಗಳವಾರ

ಅಕ್ಷರ ಸೊಟ್ಟ. ಕಾಗುಣಿತವೂ ಅಲ್ಲಲ್ಲಿ ತಪ್ಪಿರುತ್ತದೆ. ಓದು ಆರನೇ ಕ್ಲಾಸಿಗೇ ನಿಂತಿತು, ಅದೂ ಗ್ವಾಟೆಮಾಲಾದ ಬೆಟ್ಟದ ಮೇಲಿನ ಒಂದೇ ಕೋಣೆಯ ಶಾಲೆಯಲ್ಲಿ. ಈ ಬಂದರಿನ ಊರಿಗೆ ಬಂದ ಮೇಲೆ ಕಲಿತದ್ದೆಲ್ಲ ಮೆನು ಕಾರ್ಡು ನೋಡಿ. ಯಾರೂ ಓದದ ಪುಸ್ತಕಕ್ಕೆ ಕ್ಷಮೆ ಯಾಕೆ ಕೇಳಬೇಕೋ ಗೊತ್ತಿಲ್ಲ. ಕೇಳಿಬಿಟ್ಟೆ. ಹೆಬ್ಬೆರಳಿಗೆ ಬಿಸಿ ಎಣ್ಣೆ ಹಾರಿದೆ, ಆದ್ದರಿಂದ ಇವತ್ತು ಇನ್ನಷ್ಟು ಸೊಟ್ಟ.

ಬೆಳಿಗ್ಗೆ ನಾನು ಕೆಲಸ ಮಾಡುವ ಹೋಟೆಲು ತೆರೆದ ಕೂಡಲೇ ಐನಾರ್ ಬಂದು ಕೌಂಟರಿನ ಮುಂದೆ ಕುಳಿತರು. ಆಮೇಲೆ ಡೆಲ್ಬರ್ಟ್ ಬಂದು ಕಿಟಕಿಯ ಪಕ್ಕ ಕುಳಿತರು. ಬೆನ್ನಿಗೆ ಬೆನ್ನು. ಐನಾರ್ ವಯಸ್ಸಾದ ಮೀನುಗಾರ. ಡೆಲ್ಬರ್ಟ್‌ದು ಹಗ್ಗ, ಬಣ್ಣ, ಲಂಗರು ಮಾರುವ ಅಂಗಡಿ. ಇಬ್ಬರೂ ಒಂದೇ ಟೇಬಲ್ಲಿನಲ್ಲಿ, ಒಂದೇ ಬಾಟಲಿ ಕೆಚಪ್ ಹಂಚಿಕೊಂಡು ವರ್ಷಗಟ್ಟಲೆ ತಿಂದವರಂತೆ. ಡೆಲ್ಬರ್ಟ್ ಚುನಾವಣೆ ಗೆದ್ದು, ಐನಾರ್ ಮೊದಲೇ ಇದ್ದ ಬಂದರು ಮಂಡಳಿಗೆ ಸೇರಿದ ಮೇಲೆ ಹೀಗೆ. ಜಗಳವಾಗಿದೆ ಎಂದುಕೊಂಡಿದ್ದೆ. ಇವತ್ತು ಧೈರ್ಯ ಮಾಡಿ ಹೋಟೆಲಿನ ಒಡತಿ ಡೋರೀನ್‌ರನ್ನು ಕೇಳಿದೆ.

"ಜಗಳ ಎಲ್ಲಿ ಬಂತು? ಮಂಡಳೀಲಿ ಇರೋದೇ ಮೂರು ಜನ. ಅದ್ರಲ್ಲಿ ಇಬ್ರು ಕೂತು ಬಂದರಿನ ವಿಷಯ ಎತ್ತಿದ್ರೆ ಅದೇ ಮೀಟಿಂಗು. ಮೀಟಿಂಗು ಅಂದ್ಮೇಲೆ ಊರಿಗೆ ಮೊದ್ಲೇ ತಿಳಿಸ್ಬೇಕು, ಬಾಗ್ಲು ತೆಗ್ದಿಡ್ಬೇಕು. ಕಾನೂನು."

"ಮಳೆ ಗಾಳಿ ಮಾತು ಆಡ್ಬೋದಲ್ಲ?"

"ಆಡ್ಬೋದು. ಆ ಇಬ್ರಿಗೂ ಗಾಳಿ ಅಂದ್ರೆ ದೋಣಿ ನೆನಪಾಗತ್ತೆ, ದೋಣಿ ಅಂದ್ರೆ ಬಂದರು. ಎರಡನೇ ಮಾತಿಗೇ ಜಾರ್ತಾರೆ. ಅದಕ್ಕೇ ಬೆನ್ನು."

ಅರ್ಥವಾಯಿತು. ಅಥವಾ ಆಗಲಿಲ್ಲ. ಕಾಫಿ ಕುಡಿಯುವುದು ಹೇಗೆ ಮೀಟಿಂಗ್ ಆಗುತ್ತದೆ…

ನವೆಂಬರ್ 7, ರಾತ್ರಿ

ಮೀನಿನ ದೋಣಿಯಲ್ಲಿ ಆಳಾಗಿರುವ ಅಣ್ಣ ಈಗ ಬಂದ. ಬೆಳಕಿರುವಾಗಲೇ ಬರಬೇಕಿತ್ತು. ಬಂದರಿನೊಳಕ್ಕೆ ಬರುವ ಅಳಿವೆಯ ಬಾಯಲ್ಲಿ ಮರಳು ತುಂಬಿದೆ, ನೀರು ಏರುವವರೆಗೆ ದೋಣಿ ಹೊರಗೆ ಕಾಯಬೇಕು. ಅಲೆ ದೊಡ್ಡದಾಗುತ್ತಿತ್ತಂತೆ, ದೋಣಿ ನಡೆಸುವ ಸ್ಕಿಪ್ಪರ್ ಕಾಯದೆ ನುಗ್ಗಿಸಿದನಂತೆ.

"ತಳ ಮುಟ್ತು," ಅಂದ. "ಪಾತ್ರೆ ಉಜ್ಜಿದ ಹಾಗೆ ಸದ್ದು. ನಿನ್ನ ನೆನಪಾಯ್ತು."

ನಕ್ಕ. ಹುರುಳಿಕಾಯಿಯಷ್ಟು ತೆಳ್ಳಗಿದ್ದಾನೆ, ನಗುವುದು ಮಾತ್ರ ಜೋರು. ಆದರೆ ತೊರ್ತಿಯಾ ರೊಟ್ಟಿ ತಿನ್ನುವಾಗಲೂ ಒದ್ದೆ ಕೋಟು ತೆಗೆಯಲಿಲ್ಲ. ಚಳಿ ಅಂದ.

ಅವನಿಗೆ ಈಜು ಬರುವುದಿಲ್ಲ. ನಮ್ಮ ಬೆಟ್ಟದವರಲ್ಲಿ ಯಾರಿಗೂ ಬರುವುದಿಲ್ಲ. ನೀರು ಅಂದರೆ ನಮಗೆ ಕೊಡದಲ್ಲಿ ಹೊರುವ ವಸ್ತು.

ಮುಂದಿನ ತಿಂಗಳು ಏಡಿಯ ಕಾಲ ಶುರು. ಆಗ ದೋಣಿಯ ಮೇಲೆ ಕಬ್ಬಿಣದ ಬೋನುಗಳ ರಾಶಿ. ದೋಣಿ ಇನ್ನೂ ಆಳಕ್ಕೆ ಕೂರುತ್ತದೆ.

ನವೆಂಬರ್ 12, ಬುಧವಾರ

ಹೋಟೆಲಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ ಹೋಗಿದ್ದಾರೆ. ಹದಿನೆಂಟಕ್ಕೆ ಬಂದರು ಮಂಡಳಿಯ ಸಭೆ. ಜನವರಿಯಲ್ಲಿ ರಾಜಧಾನಿ ಒಲಿಂಪಿಯಾದಲ್ಲಿ ರಾಜ್ಯದ ಶಾಸಕರು ಸೇರುತ್ತಾರೆ, ಅವರ ಮುಂದೆ ನಮ್ಮ ಬಂದರು ಏನೇನು ಕೇಳಬೇಕು ಎಂದು ಗೊತ್ತುಮಾಡುವ ಸಭೆ. ಪ್ರತಿ ವರ್ಷವೂ ಮಾಡುತ್ತಾರಂತೆ.

ಬೆಳಗಿನಿಂದ ಇದೇ ಮಾತು. ಕೇಳುವುದಕ್ಕೆ ಬೇಕಾದಷ್ಟಿದೆ. ಆದರೆ ಅಷ್ಟು ಬಂದರುಗಳು, ಅಷ್ಟು ಹಾಳೆಗಳು. ಶಾಸಕರು ಮೊದಲ ಸಾಲು ಓದುತ್ತಾರೆ, ಮನಸ್ಸು ಬಂದರೆ ಎರಡನೆಯದು. ಜಗಳವೆಲ್ಲ ಮೊದಲ ಸಾಲಿಗೆ.

ಐನಾರ್‌ಗೆ ಅಳಿವೆಯ ಹೂಳೆತ್ತಿಸುವುದು ಮೊದಲಾಗಬೇಕು. ಮಂಡಳಿಯ ಮೂರನೆಯವರು ಮಾರ್ಲಿಸ್, ಮನೆ ಮಾರುವ ವ್ಯಾಪಾರದವರು, ಅವರಿಗೆ ಪ್ರವಾಸಿಗಳ ದೋಣಿಗೆ ಹೊಸ ಕಟ್ಟೆ ಮೊದಲು. ಡೆಲ್ಬರ್ಟ್ ಬಾಯಿ ಬಿಡುವುದಿಲ್ಲ.

"ಬಿಸ್ಕತ್ತಿಗೆ ಗ್ರೇವಿ ಹಾಕ್ಲಾ ಬೇಡ್ವಾ ಅನ್ನೋದಕ್ಕೇ ಅವನಿಗೆ ಅರ್ಧ ಗಂಟೆ ಬೇಕು," ಅಂದರು ಡೋರೀನ್, ಅವರಿಗೆ ಕೇಳಿಸುವ ಹಾಗೇ. ಇಲ್ಲಿ ಬಿಸ್ಕತ್ತು ಅಂದರೆ ಮೆತ್ತನೆ ಬನ್ನು, ಗ್ರೇವಿ ಅಂದರೆ ಅದರ ಮೇಲೆ ಸುರಿಯುವ ಬಿಳಿ ಸಾರು.

"ಗ್ರೇವಿ ಹೇಗಿರತ್ತೆ ಅಂತ ಗೊತ್ತಿರೋದ್ರಿಂದ ಯೋಚ್ನೆ ಮಾಡ್ತೀನಿ," ಅಂದರು ಡೆಲ್ಬರ್ಟ್.

ಒಂದು ಸಾಲು. ಅದು ಅಣ್ಣನದಾಗಬೇಕು. ತಟ್ಟೆ ತೊಳೆಯುವಾಗಲೆಲ್ಲ ಅದೇ.

ನವೆಂಬರ್ 14, ಶುಕ್ರವಾರ

ಇವತ್ತು ಏನು ಮಾಡಿದೆ ಎಂದು ನನಗೇ ಸರಿಯಾಗಿ ತಿಳಿಯದು. ಬರೆದರೆ ತಿಳಿಯಬಹುದು.

ಡೆಲ್ಬರ್ಟ್‌ಗೆ ಕಾಫಿ ಹಾಕುತ್ತಿದ್ದೆ. ಕಿಟಕಿಯಾಚೆ ನೋಡುತ್ತ ತಮ್ಮಷ್ಟಕ್ಕೆ ಅಂದರು: "ಹೂಳು ಮೊದ್ಲು ಇರ್ಲಿ, ನಂಗೇನೂ ಇಲ್ಲ. ಆ ಮುದುಕ ಕ್ರೇನನ್ನ ಮೂರನೇದಕ್ಕೆ ತಳ್ಳಿ ಕೂತಿದಾನಲ್ಲ. ಮೀನು ಇಳಿಸೋ ಕ್ರೇನು ಮುರಿದ್ರೆ ಆಳ ಇದ್ದು ಏನು ಮಾಡ್ತೀವಿ? ಎರಡನೇದಕ್ಕೆ ತಂದ್ರೆ ನಾನು ಕೈ ಎತ್ತೀನಿ."

ನಾನು ಜಗ್ ಹಿಡಿದು ಕೌಂಟರಿಗೆ ಹೋದೆ. ಐನಾರ್‌ಗೂ ಹಾಕಿದೆ. ನಾನು ಸಾಮಾನ್ಯವಾಗಿ ಯಾರೊಂದಿಗೂ ಮಾತೆತ್ತುವವಳಲ್ಲ. ಬಾಯಿ ತಾನೇ ತೆರೆಯಿತು.

"ದೋನ್ ಐನಾರ್." ನಮ್ಮ ಕಡೆ ಹಿರಿಯರನ್ನು ಹಾಗೆ ಕರೆಯುವುದು. "ಕ್ರೇನ್ ಎರಡನೇದಕ್ಕೆ ಬಂದ್ರೆ ದೋನ್ ಡೆಲ್ಬರ್ಟ್ ಹೂಳಿಗೆ ಕೈ ಎತ್ತುತ್ತಾರಂತೆ."

ಅವರು ಚಮಚ ಕೆಳಗಿಟ್ಟರು. ನನ್ನನ್ನು ನೋಡಿದರು.

"ನೀನು ಇದನ್ನ ನಂಗೆ ಹೇಳ್ಬಾರದಿತ್ತು ಮಗು."

"ತಪ್ಪಾಯ್ತು."

"ಹೂಂ." ಆಮೇಲೆ ಮೊಟ್ಟೆಯ ಕಡೆ ನೋಡುತ್ತ, "ಎರಡನೇದಕ್ಕೆ ಬಂದ್ರೆ ಆಕಾಶ ಏನೂ ಕಳಚಿ ಬೀಳಲ್ಲ," ಅಂದರು.

ಅದು ನನಗೆ ಹೇಳಿದ್ದೋ ಮೊಟ್ಟೆಗೋ. ಯೋಚಿಸಲಿಲ್ಲ. ನೇರ ಕಿಟಕಿಯ ಹತ್ತಿರ ಹೋಗಿ ಹೇಳಿದೆ. ಡೆಲ್ಬರ್ಟ್ ಖಾಲಿ ತಟ್ಟೆ ಮುಂದೆ ತಳ್ಳಿದರು. ಇನ್ನೊಂದು ತಟ್ಟೆ ಬಿಸ್ಕತ್ತು ತರಿಸಿದರು. ಗ್ರೇವಿ ಹಾಕಿಸಿ.

ಮನೆಗೆ ಬರುವಾಗ ದಾರಿಯಲ್ಲಿ ಒಬ್ಬಳೇ ನಗುತ್ತಿದ್ದೆ.

ನವೆಂಬರ್ 18, ಮಂಗಳವಾರ

ಸಭೆಗೆ ಹೋಗಿದ್ದೆ. ಬಾಗಿಲ ಪಕ್ಕದ ಕುರ್ಚಿ. ಮೇಜಿನ ಹಿಂದೆ ಮೂವರು, ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡ ವಕೀಲರು. ಮಾತು ಅರ್ಧಕ್ಕರ್ಧ ತಲೆಯ ಮೇಲೆ ಹೋಯಿತು. ಕೊನೆಗೆ ಕೈ ಎತ್ತಿದರು. ಹೂಳು ಮೊದಲು, ಕ್ರೇನ್ ಎರಡನೆಯದು, ಪ್ರವಾಸಿಗಳ ಕಟ್ಟೆ ಮೂರನೆಯದು. ಇಬ್ಬರು ಸರಿ, ಮಾರ್ಲಿಸ್ ಒಬ್ಬರು ಬೇಡ.

ಅಲ್ಲಿಗೇ ಎದ್ದು ಬರಬೇಕಿತ್ತು.

ಕೊನೆಯಲ್ಲಿ ಸದಸ್ಯರು ಒಂದೊಂದು ಮಾತಾಡುವ ಪದ್ಧತಿ. ಡೆಲ್ಬರ್ಟ್ ಗಂಟಲು ಸರಿ ಮಾಡಿಕೊಂಡು, "ಒಬ್ರಿಗೆ ಥ್ಯಾಂಕ್ಸ್ ಹೇಳ್ಬೇಕು," ಅಂದರು. "ಡೋರೀನ್ ಹೋಟೆಲಿನ ನಮ್ಮ ಫಾಬಿ. ಇಲ್ಲೇ ಕೂತಿದೆ ನೋಡಿ ಮಗು. ಅದು ಅತ್ತ ಇತ್ತ ಮಾತು ಮುಟ್ಟಿಸದೇ ಇದ್ದಿದ್ರೆ ನಾನೂ ಐನಾರೂ ಇವತ್ತು ಒಂದಾಗ್ತಿರಲಿಲ್ಲ."

ಐನಾರ್ ಕಣ್ಣು ಮುಚ್ಚಿಕೊಂಡರು.

ವಕೀಲರು ಮುಚ್ಚುತ್ತಿದ್ದ ಲ್ಯಾಪ್‌ಟಾಪನ್ನು ಮತ್ತೆ ತೆರೆದರು. "ಡೆಲ್ಬರ್ಟ್, ಇನ್ನೊಂದ್ಸಲ ಹೇಳಿ. ನಿಧಾನಕ್ಕೆ."

ಎಲ್ಲರೂ ನನ್ನ ಕಡೆ ತಿರುಗಿದರು. ಎದ್ದು ಹೊರಟುಬಂದೆ. ಕೋಟು ಅಲ್ಲೇ ಉಳಿಯಿತು.

ನವೆಂಬರ್ 19

ಐನಾರ್ ಬರಲಿಲ್ಲ. ಡೆಲ್ಬರ್ಟ್ ನನ್ನ ಕೋಟು ಹಿಡಿದುಕೊಂಡು ಬಂದಿದ್ದರು. ತಿನ್ನಲಿಲ್ಲ.

"ನಾನೊಬ್ಬ ಕತ್ತೆ," ಅಂದರು.

"ಅದು ಇವತ್ತಿನ ಸುದ್ದಿ ಅಲ್ಲ," ಅಂದರು ಡೋರೀನ್.

ವಿಷಯ ಇಷ್ಟು. ಇಬ್ಬರ ನಡುವೆ ಮೂರನೆಯವರು ಮಾತು ಹೊತ್ತು ಓಡಾಡಿದರೂ ಅದು ಮೀಟಿಂಗೇ ಅಂತೆ. ಕದ್ದು ನಡೆಸಿದ ಮೀಟಿಂಗ್. ಹಾಗಾಗಿ ನಿನ್ನೆ ಎತ್ತಿದ ಕೈಗಳು ಲೆಕ್ಕಕ್ಕಿಲ್ಲ. ಸೋಮವಾರ ಮತ್ತೆ ಸಭೆ. ಯಾರು ಯಾರಿಗೆ ಏನು ಹೇಳಿದರು ಅನ್ನುವುದನ್ನೆಲ್ಲ ಊರಿನ ಮುಂದೆ ಬಿಚ್ಚಿ ಹೇಳಬೇಕು, ಆಮೇಲೆ ಹೊಸದಾಗಿ ತೀರ್ಮಾನ. ಇಲ್ಲದಿದ್ದರೆ ನಮ್ಮ ಬಂದರಿನಿಂದ ಈ ವರ್ಷ ಹಾಳೆಯೇ ಹೋಗುವುದಿಲ್ಲ.

"ನೀನೂ ಬಂದು ಹೇಳಿದ್ರೆ ಒಳ್ಳೇದು ಅಂತಾರೆ ವಕೀಲ್ರು. ಬಲವಂತ ಇಲ್ಲ. ಹೆಸರು ಬರ್ಕೋತಾರೆ ಅಷ್ಟೆ," ಅಂದರು ಡೆಲ್ಬರ್ಟ್.

ನಾನು ಹೊತ್ತದ್ದು ಕಾಫಿ ಜಗ್. ಅದರ ಜೊತೆ ಎರಡು ಮಾತು. ಅದು ಅಪರಾಧವೋ, ಉಪಕಾರವೋ, ಎರಡೂ ಹೌದೋ?

ನವೆಂಬರ್ 21

ಅಣ್ಣನಿಗೆ ಹೇಳಿದೆ. ತಿನ್ನುವುದನ್ನು ನಿಲ್ಲಿಸಿದ.

"ಹೋಗ್ಬೇಡ."

"ಹೋಗದೇ ಇದ್ರೆ ಹೂಳು—"

"ಈ ದೇಶದಲ್ಲಿ ಉಳಿಯೋಕೆ ಹಾಕಿರೋ ನಮ್ಮ ಕೇಸು ಇನ್ನೂ ಕೋರ್ಟಲ್ಲಿದೆ ಫಾಬಿ. ಸರ್ಕಾರದ ಯಾವ ಕಾಗದದಲ್ಲೂ ನಮ್ಮ ಹೆಸರು ಬೇಡ. ಒಳ್ಳೇದಕ್ಕೂ ಬೇಡ, ಕೆಟ್ಟದ್ದಕ್ಕೂ ಬೇಡ."

"ನಿಂಗೋಸ್ಕರ ಕಣೋ."

"ನಂಗೋಸ್ಕರ ಸುಮ್ನಿರು. ಸುಮ್ನಿರೋದು ನಿಂಗೆ ಕಷ್ಟಾನಾ? ಹುಟ್ಟಿದಾಗಿಂದ ಅದನ್ನೇ ತಾನೆ ಮಾಡ್ಕೊಂಡು ಬಂದಿರೋದು."

ಆ ಮಾತು ಚುಚ್ಚಿತು. ಅವನು ಹೇಳಿದ್ದು ಸರಿ. ನಾನು ಅಂದುಕೊಂಡದ್ದೂ ಸರಿ. ಎರಡು ಸರಿಗಳ ನಡುವೆ ಮಲಗಿದರೆ ನಿದ್ದೆ ಬರುವುದಿಲ್ಲ.

ನವೆಂಬರ್ 24, ಸೋಮವಾರ ರಾತ್ರಿ

ಹೋದೆ.

ಮಾತಾಡುವವರ ಮುಂದೆ ಒಂದು ಚಿಕ್ಕ ದೀಪ. ಹಸಿರು ಇರುವವರೆಗೆ ಮಾತಾಡಬಹುದು, ಮೂರು ನಿಮಿಷ. ನನ್ನ ಮಾತು ಮುಗಿದ ಮೇಲೂ ಅದು ಬಹಳ ಹೊತ್ತು ಹಸಿರಾಗೇ ಉರಿಯಿತು. ಡೆಲ್ಬರ್ಟ್ ಹೇಳಿದ್ದು, ನಾನು ಐನಾರ್‌ಗೆ ಹೇಳಿದ್ದು, ಐನಾರ್ ಮೊಟ್ಟೆ ನೋಡುತ್ತ ಅಂದದ್ದು. ಮೊಟ್ಟೆ ಅಂದಾಗ ಯಾರೋ ನಕ್ಕರು. ಹೆಸರು ಕೇಳಿದರು. ಹೇಳಿದೆ. ಬರೆದುಕೊಂಡರು.

ಮಾರ್ಲಿಸ್ ಕನ್ನಡಕ ತೆಗೆದು ಕೇಳಿದರು, "ನಿನ್ನನ್ನ ಯಾರಾದ್ರೂ ಕಳ್ಸಿದ್ರಾ?"

"ಇಲ್ಲ. ನಾನೇ."

"ಯಾಕೆ?"

ತಯಾರಿ ಮಾಡಿಕೊಂಡದ್ದೆಲ್ಲ ಮರೆತುಹೋಯಿತು. "ಅಣ್ಣಂಗೆ ಈಜು ಬರಲ್ಲ," ಅಂದೆ.

ಆಮೇಲೆ ಐನಾರ್ ಮತ್ತು ಡೆಲ್ಬರ್ಟ್ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಂದರಿನ ಮಾತಾಡಿದರು, ಎಲ್ಲರೆದುರು. ಒಪ್ಪಿಗೆ ಇದೆ ಅಂದುಕೊಂಡಿದ್ದವರು ಅರ್ಧ ಗಂಟೆ ಕಿತ್ತಾಡಿದರು. ಕ್ರೇನಿನ ಮೋಟಾರು ಹಾಳಾದದ್ದು ಯಾರಿಂದ ಅನ್ನುವವರೆಗೆ ಹೋಯಿತು. ಇನ್ನೇನು ಮುರಿದುಬಿತ್ತು ಎಂದುಕೊಂಡೆ. ಆದರೆ ಕೈ ಎತ್ತುವಾಗ ಮೊದಲಿನ ಹಾಗೇ. ಹೂಳು ಮೊದಲು. ಇಬ್ಬರು ಸರಿ, ಒಬ್ಬರು ಬೇಡ.

ಹೊರಬರುವಾಗ ಮಾರ್ಲಿಸ್ ಬಾಗಿಲು ಹಿಡಿದು ನಿಂತಿದ್ದರು. "ನಾನು ಬೇಡ ಅಂದಿದ್ದು ನಿನ್ನ ಅಣ್ಣನಿಗಲ್ಲ," ಅಂದರು. ತಲೆಯಾಡಿಸಿದೆ.

ಮೆಟ್ಟಿಲ ಮೇಲೆ ಐನಾರ್ ಸಿಗರೇಟು ಹಚ್ಚುತ್ತಿದ್ದರು. ಕೇಳಿದೆ, "ಹೂಳೆತ್ತೋ ಯಂತ್ರ ಯಾವಾಗ ಬರತ್ತೆ? ಏಡಿ ಶುರುವಾಗೋಕೆ ಮುಂಚೆ ಬರತ್ತಾ?"

"ಯಂತ್ರ?"

ಕಡ್ಡಿ ಬೆರಳವರೆಗೆ ಉರಿದುಬಂತು. ಬಿಸಾಕಿದರು.

"ಮಗು, ಇದು ಕೇಳೋದು ಅಷ್ಟೆ. ಏನು ಕೇಳ್ಬೇಕು ಅಂತ ಇವತ್ತು ಗೊತ್ತಾಯ್ತು. ಕೊಡೋರು ಬೇರೆ. ಕಳೆದ ವರ್ಷನೂ ಹೂಳೇ ಮೊದ್ಲು ಇತ್ತು. ಅದಕ್ಕೆ ಹಿಂದಿನ ವರ್ಷನೂ."

"ಮತ್ತೆ ಯಾಕೆ ಇಷ್ಟೊಂದು…"

"ಕೇಳದೆ ಬಿಟ್ರೆ ಇಲ್ಲೊಂದು ಬಂದರು ಇದೆ ಅನ್ನೋದೂ ಅವ್ರಿಗೆ ಮರ್ತೋಗತ್ತೆ."

ನಡೆದು ಬಂದೆ. ಅಳು ಬರಲಿಲ್ಲ. ಬಂದಿದ್ದರೆ ಏನಾಗಿದೆ ಎಂದಾದರೂ ತಿಳಿಯುತ್ತಿತ್ತು. ಗೆದ್ದೆನೋ ಸೋತೆನೋ ಹೇಳುವವರು ಯಾರೂ ಇಲ್ಲ.

ಅಣ್ಣನಿಗೆ ಎಲ್ಲ ಹೇಳಿದೆ. ತಟ್ಟೆ ತೊಳೆದಿಟ್ಟು ಮಲಗಿದ.

ಡಿಸೆಂಬರ್ 9

ಅಣ್ಣ ಮಾತಾಡುವುದಿಲ್ಲ. ಉಪ್ಪು ಬೇಕಾದರೂ ತಾನೇ ಎದ್ದು ಹೋಗುತ್ತಾನೆ.

ಏಡಿಯಲ್ಲಿ ಇನ್ನೂ ಮಾಂಸ ತುಂಬಿಲ್ಲವಂತೆ, ಶುರುವಾಗುವುದನ್ನು ಮುಂದಕ್ಕೆ ಹಾಕಿದ್ದಾರೆ. ಇಡೀ ಊರು ಮುಖ ಸಿಂಡರಿಸಿಕೊಂಡಿದೆ. ನನಗೆ ಒಳಗೊಳಗೇ ಸಮಾಧಾನ. ಅದನ್ನು ಇಲ್ಲಿ ಬಿಟ್ಟರೆ ಇನ್ನೆಲ್ಲೂ ಹೇಳುವ ಹಾಗಿಲ್ಲ.

ಡಿಸೆಂಬರ್ 17

ಹಾಳೆ ಒಲಿಂಪಿಯಾಕ್ಕೆ ಹೋಯಿತಂತೆ. ಡೆಲ್ಬರ್ಟ್ ಹೇಳಿದರು, ಕಿಟಕಿಯ ಕಡೆ ನೋಡಿಕೊಂಡೇ. ಈಗ ಅವರು ನನ್ನ ಜೊತೆ ಬಂದರಿನ ಮಾತು ಆಡುವುದಿಲ್ಲ, ಕಾಫಿ ಬೇಕು ಅನ್ನುವುದಕ್ಕೂ ಮೊದಲು ಸ್ವಲ್ಪ ಯೋಚಿಸುತ್ತಾರೆ.

ಡಿಸೆಂಬರ್ 29, ಸೋಮವಾರ

ನಾಳಿದ್ದು ಏಡಿ ಶುರು. ಕಟ್ಟೆಯ ತುಂಬ ಬೋನುಗಳು, ಹಗ್ಗ, ಬೈಗುಳ. ಬೋನುಗಳನ್ನು ಮೊದಲೇ ಕಡಲಿಗೆ ಇಳಿಸಿಡಬೇಕು, ಹಾಗಾಗಿ ಅಣ್ಣನ ದೋಣಿ ನಾಳೆಯೇ ಹೇರಿಕೊಂಡು ಹೊರಡುತ್ತದೆ.

ಸಂಜೆ ಅವನು ಲೈಫ್ ಜಾಕೆಟ್ ಹಿಡಿದುಕೊಂಡು ಮನೆಗೆ ಬಂದ. ಅದು ಯಾರೋ ದೊಡ್ಡ ಆಳಿನ ಅಳತೆಯದು. ಅಣ್ಣ ಹಾಕಿದರೆ ಕಿವಿಗೆ ಬರುತ್ತದೆ. ಹಾಗಾಗಿ ಹಾಕುವುದೇ ಇಲ್ಲ, ಹಾಸಿಗೆಯ ಕೆಳಗೆ ತುರುಕಿರುತ್ತಾನೆ ಎಂದು ದೋಣಿಯವರು ಹೇಳಿ ನಗುವುದನ್ನು ಕೇಳಿದ್ದೆ. ಅದನ್ನು ನನ್ನ ಕುರ್ಚಿಯ ಮೇಲೆ ಇಟ್ಟ. ಕೈ ತೊಳೆದುಕೊಂಡು ಬಂದು, "ಉಪ್ಪು ಕೊಡು," ಅಂದ.

ಕೊಟ್ಟೆ.

ಡಿಸೆಂಬರ್ 30, ಬೆಳಿಗ್ಗೆ

ಅಣ್ಣ ಏಳುವ ಮೊದಲೇ ಎದ್ದೆ. ಜಾಕೆಟ್ಟಿನ ಪಟ್ಟಿ ಮಡಿಸಿ, ಬಲೆ ಹೊಲಿಯುವ ದಪ್ಪ ದಾರದಲ್ಲಿ ಹೊಲಿದೆ. ಒಂದು ಸೂಜಿ ಮುರಿಯಿತು. ಎಡಗಡೆಯದು ಮುಗಿದಿದೆ, ಎಳೆದು ನೋಡಿದೆ, ಬಿಡುವುದಿಲ್ಲ. ಬಲಗಡೆಗೆ ದಾರ ಪೋಣಿಸಿ ಇಟ್ಟುಕೊಂಡಿದ್ದೇನೆ. ಅವನನ್ನು ನಿಲ್ಲಿಸಿ ಅಳತೆ ನೋಡಬೇಕು. ಎದ್ದ ಸದ್ದಾಯಿತು—