ಭಾವಿ ಸಾಹೇಬರು

ತೋಟದ ಮನೆ, ಉಗಾರ ಖುರ್ದ ಹತ್ತಿರ
ಶನಿವಾರ, ೨೪ ನವೆಂಬರ್ ೨೦೧೨

ನಿಪ್ಪಾಣಿಯ ಗದ್ದಲಗಾರ, ನನ್ನ ಮುದ್ದಿನ ತಮ್ಮ ಉತ್ತಮನಿಗೆ,

ಅಕ್ಕನ ಆಶೀರ್ವಾದ. ಫೋನಿರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನಗುತ್ತಿರುತ್ತೀಯ, ಗೊತ್ತು. ನನ್ನ ಫೋನು ರಿಪೇರಿಗೆ ಹೋಗಿದೆ. ರಿಪೇರಿಯ ಅಂಗಡಿ ನಮ್ಮ ಮಾವನವರ ಕಪಾಟಿನಲ್ಲೇ ಇದೆ, ಅದಕ್ಕೇ ತಡವಾಗುತ್ತಿದೆ. ಮನೆಗೆಲಸದ ಜನಾಬಾಯಿ ನಿಪ್ಪಾಣಿಯ ಮಗಳ ಮನೆಗೆ ಹೊರಟಿದ್ದಾಳೆ, ಆಕೆಯ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಓದುವಾಗ ಅವ್ವ ಹತ್ತಿರವಿದ್ದರೆ ಎದ್ದು ಹೊರಗೆ ಹೋಗು.

ಮೊದಲು ನಿನ್ನ ಹಾಡಿನ ಸುದ್ದಿ. ಕಬ್ಬಿನ ಸೀಜನ್ ಶುರುವಾಗಿದೆ. ಫ್ಯಾಕ್ಟರಿಗೆ ಹೋಗುವ ಟ್ರ್ಯಾಕ್ಟರುಗಳೆಲ್ಲ ಕಬ್ಬಿನ ಜೊತೆ ನಿನ್ನ ಧ್ವನಿಯನ್ನೂ ಹೇರಿಕೊಂಡು ಹೋಗುತ್ತಿವೆ. ಮೊಬೈಲ್ ಅಂಗಡಿಯವರು ಮೆಮೊರಿ ಕಾರ್ಡಿಗೆ ಹಾಡು ತುಂಬುವಾಗ ಕೇಳದಿದ್ದರೂ ಅದನ್ನು ಸೇರಿಸಿ ಕೊಡುತ್ತಾರಂತೆ. ಮದುವೆಗಳಲ್ಲಿ ಬ್ಯಾಂಜೋ ಪಾರ್ಟಿಯ ಹಿಂದೆ ತಿರುಗುತ್ತಿದ್ದವನು ಗಿಟಾರು ಕೊಂಡು, ‘ತಂಬಾಕು’ ಎಂದು ಹೆಸರಿಟ್ಟು ರಾಕ್ ಬ್ಯಾಂಡ್ ಕಟ್ಟಿದಾಗ ಅಪ್ಪ ತಮ್ಮ ಕಂಡಕ್ಟರ್ ಬ್ಯಾಗನ್ನು ಗೋಡೆಗೆ ಒಗೆದಿದ್ದರಲ್ಲ. ಈಗ ಅದೇ ಅಪ್ಪ ಬಸ್ಸಿನಲ್ಲಿ ಯಾರಾದರೂ ಹಾಡು ಹಚ್ಚಿದರೆ, ‘ನಮ್ಮ ಹುಡುಗಂದ ಐತಿ’ ಎಂದು ಟಿಕೆಟ್ ಹರಿಯುತ್ತಾರಂತೆ. ನನಗೂ ಹೆಮ್ಮೆಯೇ. ಸುಳ್ಳು ಯಾಕೆ ಹೇಳಲಿ.

ಆ ಹಾಡು ಎಲ್ಲಿ ಹುಟ್ಟಿತು ಎಂಬುದು ನಿನ್ನನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತು. ಪಂಚಮಿಗೆ ನನ್ನನ್ನು ಕರೆಯಲು ಬಂದವನು ಬಸ್ ಸ್ಟ್ಯಾಂಡಿನಲ್ಲಿ ಮಾವನವರ ಫ್ಲೆಕ್ಸ್ ನೋಡಿದ್ದೆ. ಕಪ್ಪು ಕನ್ನಡಕ, ಕಿವಿಗೆ ಫೋನು, ಕೆಳಗೆ ದಪ್ಪಕ್ಷರದಲ್ಲಿ ‘ಭಾವಿ ಶಾಸಕರು ಮುರಗೆಪ್ಪ ಅಣ್ಣಾ’. ಮುಂದೆ ಶಾಸಕರಾಗುವವರು ಎಂದು ಬರೆಸಿದವರ ಅರ್ಥ. ನಮ್ಮ ಕಡೆ ನೀರಿನ ಭಾವಿಗೂ ಅದೇ ಅಕ್ಷರವಲ್ಲವೇ? ನೀನು ಹೊಸ್ತಿಲು ದಾಟುವ ಮೊದಲೇ, ‘ಅಕ್ಕಾ, ನಿಮ್ಮ ಮಾವಾರು ಯಾವ ಭಾವಿಗೆ ಶಾಸಕರ ಅದಾರ?’ ಎಂದು ಕೇಳಿದೆ. ನಾನು ಸೆರಗು ಬಾಯಿಗೆ ಹಿಡಿದು ನಕ್ಕೆ. ಚಹಾ ಆಗುವವರೆಗೆ ನೀನು ಹಿತ್ತಿಲಿಗೆ ಹೋಗಿ, ದ್ರಾಕ್ಷಿ ತೋಟದ ಅಂಚಿನಲ್ಲಿ ಮುಚ್ಚಿಸಿದ ಹಳೆಯ ಭಾವಿಯ ಚಪ್ಪಡಿಯ ಮೇಲೆ ಕುಳಿತು ಗಿಟಾರಿನ ತಂತಿ ತಿರುವತೊಡಗಿದೆ. ಆಳುಮಕ್ಕಳ ಮೇಲೂ ದನಿ ಎತ್ತದ ಮಾವನವರು ಪಡಸಾಲೆಯಿಂದಲೇ, ‘ಏ, ಏಳ ಅದರ ಮ್ಯಾಲಿಂದ’ ಎಂದು ಒದರಿದರು. ಬೀಗರ ಹುಡುಗನಿಗೆ ಹಾಗೆ ಅಂದರಲ್ಲ ಎಂದು ನನಗೆ ನೋವಾಗಿತ್ತು. ನಿನಗೆ ನೋವಾಗಲಿಲ್ಲ, ನೀನು ಹಾಡು ಮಾಡಿದೆ.

ಭಾವಿ ಸಾಹೇಬ್ರ, ಭಾವಿ ಸಾಹೇಬ್ರ,
ನೀರಿಲ್ಲದ ಭಾವಿ ಸಾಹೇಬ್ರ,
ಭಾವಿ ಮ್ಯಾಲ ಚಪ್ಪಡಿ, ಚಪ್ಪಡಿ ಮ್ಯಾಲ ಖುರ್ಚಿ,
ಕೆಳಗ ಯಾರದಾರ ಹೇಳ್ರಿ ಸಾಹೇಬ್ರ?

ಖುರ್ಚಿ ಅಂದರೆ ಅಧಿಕಾರ, ಕೆಳಗಿರುವವರು ಅಂದರೆ ಬಡವರು. ನಿನ್ನ ತಲೆಯಲ್ಲಿ ಇದ್ದದ್ದು ಅಷ್ಟೇ. ಗಣಪತಿ ಮಂಡಳಿಯ ಮುಂದೆ ಕುಣಿದ ನಿಪ್ಪಾಣಿಯ ಮಂದಿಗೂ ತಿಳಿದದ್ದು ಅಷ್ಟೇ. ಈ ಮನೆಯಲ್ಲಿ ಮಾತ್ರ ಅದನ್ನು ಯಾರೂ ಹಾಗೆ ಕೇಳಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ನಮ್ಮ ಯಜಮಾನರಿಗೆ, ನಿನ್ನ ಸಂಜಯ ದಾಜಿಗೆ, ಊಟಕ್ಕೆ ಬಡಿಸುತ್ತಿದ್ದೆ. ರಸ್ತೆಯಲ್ಲಿ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಹೋಯಿತು. ಅವರು ಅದನ್ನು ಪೂರ್ತಿ ಕೇಳಿದ್ದು ಅದೇ ಮೊದಲು. ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ನನ್ನನ್ನು ಒಳಕೋಣೆಗೆ ಕರೆದರು. ಮುಖದಲ್ಲಿ ರಕ್ತವೇ ಇರಲಿಲ್ಲ. ‘ನೀ ಅವಗ ಏನರ ಹೇಳಿದಿ ಏನ?’ ಎಂದು ಕೇಳಿದರು. ಏನು ಹೇಳಲಿ, ಹೇಳಲು ನನಗೆ ಏನು ಗೊತ್ತಿತ್ತು? ಉತ್ತಮಾ, ಆ ಪ್ರಶ್ನೆ ಕೇಳಿದ ಮೇಲೆಯೇ ನನಗೆ ಗೊತ್ತಾದದ್ದು.

ಅವರ ಮೊದಲ ಹೆಂಡತಿ ಚಂದ್ರಮತಿ ಜಗಳಾಡಿ ಮನೆ ಬಿಟ್ಟುಹೋದಳು, ಮುಂಬೈ ಕಡೆ ಯಾರ ಜೊತೆಗೋ ಇದ್ದಾಳೆ ಎಂದು ಹೇಳಿ ನನ್ನನ್ನು ತಂದಿದ್ದರಲ್ಲ. ಅಪ್ಪ ಊರಲ್ಲಿ ವಿಚಾರಿಸಿದಾಗಲೂ ಎಲ್ಲರೂ ಅದನ್ನೇ ಹೇಳಿದ್ದರು. ಈಗ ಜನಾಬಾಯಿಯನ್ನು ಕೇಳಿದೆ. ಆಕೆ ಪಾತ್ರೆ ತಿಕ್ಕುತ್ತ, ತಲೆ ಎತ್ತದೆ ಹೇಳಿದಳು: ಚಂದ್ರಮತಿ ಕಾಣದಂತಾದದ್ದೂ ಭಾವಿ ಮುಚ್ಚಿಸಿದ್ದೂ ಒಂದೇ ಬೇಸಿಗೆಯಂತೆ. ಹೊಳೆಯಿಂದ ಪೈಪ್‌ಲೈನ್ ಬಂತು, ಭಾವಿಯ ಗರಜು ಉಳಿಯಲಿಲ್ಲ ಎಂದು ಊರಿಗೆ ಹೇಳಿದರಂತೆ. ಪೈಪ್‌ಲೈನ್ ಬಂದದ್ದು ಮಾತ್ರ ಮುಂದಿನ ವರ್ಷ. ನಾನು ಕಣ್ಣಿಂದ ಏನನ್ನೂ ನೋಡಿಲ್ಲ. ಪೊಲೀಸರಿಗೆ ಹೇಳು ಅನ್ನುತ್ತೀಯ, ಏನೆಂದು ಹೇಳಲಿ? ಹಾಡು ಕೇಳಿ ನನ್ನ ಗಂಡ ಊಟ ಬಿಟ್ಟು ಎದ್ದ ಎಂದೇ?

ಹೋದ ಸೋಮವಾರ ಇನ್ನೊಂದು ಆಯಿತು. ಚಂದ್ರಮತಿಯ ತಾಯಿ ಅಕ್ಕವ್ವ ಕೊಕಟನೂರಿನಿಂದ ಬಂದು ಗೇಟಿನ ಹತ್ತಿರ ನಿಂತಳು. ಗುಡಿಯ ಮುಂದೆ ಯಾರದೋ ಮೊಬೈಲಿನಲ್ಲಿ ನಿನ್ನ ಹಾಡು ಕೇಳಿದ್ದಳಂತೆ. ಕೂಗಲಿಲ್ಲ, ಅಳಲಿಲ್ಲ. ಮಾವನವರಿಗೆ ಕೈಮುಗಿದು, ‘ಹಾಡಿನ್ಯಾಗ ಕೇಳ್ಯಾರಲ್ರಿ, ಕೆಳಗ ಯಾರದಾರ ಅಂತ. ನಾನೂ ಅದನ್ನ ಕೇಳಾಕ ಬಂದೇನ್ರಿ’ ಅಂದಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ನಿನ್ನ ಸಾಲು ಆಕೆಯ ಬಾಯಲ್ಲಿ ಹಾಡಿನ ಹಾಗೆ ಇರಲಿಲ್ಲ.

ಮಾವನವರು ಆಕೆಯನ್ನು ಖುರ್ಚಿಯ ಮೇಲೆ ಕೂಡಿಸಿ ಚಹಾ ಕೊಡಿಸಿದರು, ಹೊಸ ಸೀರೆ ಕೊಡಿಸಿದರು, ತಮ್ಮ ಗಾಡಿಯಲ್ಲೇ ಊರಿಗೆ ಕಳಿಸಿದರು. ಆಮೇಲೆ ಡ್ರೈವರ್ ಸತ್ತೆಪ್ಪನನ್ನು, ಅಕ್ಕವ್ವ ಮನೆ ಮುಟ್ಟಿದಳೇ ಎಂದು ಕೇಳಿದೆ. ದಾರಿಯಲ್ಲಿ ಅಣ್ಣಾರ ಮಂದಿ ಗಾಡಿ ಹತ್ತಿದರು ಎಂದಷ್ಟೇ ಹೇಳಿ ಸುತ್ತ ನೋಡಿದ. ‘ವೈನಿ, ಅದನ್ನ ಇನ್ನ ಕೇಳಬ್ಯಾಡ್ರಿ’ ಅಂದ. ಆಕೆ ಮನೆ ಮುಟ್ಟಿದ್ದಾಳೆ. ಆದರೆ ಬಾಗಿಲು ಹಾಕಿಕೊಂಡು ಕೂತವಳು ಯಾರ ಜೊತೆಗೂ ಮಾತಾಡುವುದಿಲ್ಲವಂತೆ.

ಈಗ ನಿನ್ನ ವಿಷಯ. ಮುಂದಿನ ತಿಂಗಳು ಮಾವನವರ ವಾಢದಿವಸ. ಹುಟ್ಟುಹಬ್ಬ ಎಂದರೆ ಇಲ್ಲಿ ಯಾರಿಗೂ ತೃಪ್ತಿಯಿಲ್ಲ, ಫ್ಲೆಕ್ಸಿನ ಮೇಲೂ ವಾಢದಿವಸವೇ. ಆ ಸ್ಟೇಜಿನ ಮೇಲೆ ಆ ಹಾಡನ್ನೇ ಹಾಡಲು ನಿನ್ನನ್ನು ಕರೆಸಬೇಕೆಂದು ಅವರೇ ಹೇಳಿದ್ದಾರೆ. ನೀನು ಖುಷಿಯಿಂದ ಕುಣಿಯುತ್ತಿದ್ದೀ ಎಂದೂ ಕೇಳಿದೆ. ಟೀಕೆ ಮಾಡಿದವನನ್ನೇ ಕರೆದು ಹಾರ ಹಾಕುವ ದೊಡ್ಡ ಮನಸ್ಸು ಎಂದು ಊರು ಹೊಗಳುತ್ತಿದೆ. ಅವರ ಸ್ಟೇಜಿನ ಮೇಲೆ ಒಮ್ಮೆ ಹಾಡಿದರೆ ಅದು ನಿನ್ನ ಹಾಡಾಗಿ ಉಳಿಯುವುದಿಲ್ಲ, ಅವರ ಚುನಾವಣೆಯ ಹಾಡಾಗುತ್ತದೆ. ಅಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಎನ್ನುತ್ತಿದ್ದೆ.

ನಿನ್ನೆ ಅವರು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಮಗನಿಗೆ ಹೇಳುತ್ತಿದ್ದುದನ್ನು ನಾನೇ ಕೇಳಿದೆ: ‘ನಮ್ಮ ಬೀಗರ ಹುಡುಗ. ಹಾಡ್ಲಿ, ಉಣ್ಣಲಿ, ನಾಕ ದಿವಸ ತ್ವಾಟದಾಗ ಇರ್ಲಿ. ಅವಗ ಯಾರ ಹೇಳ್ಯಾರ ಅನ್ನೂದನ್ನ ಸಮಾಧಾನದಿಂದ ಕೇಳೂಣು.’ ದಾಜಿ ಏನೋ ಹೇಳಲು ಹೋದರು. ಮಾವನವರು ಅವರ ಕೈಯಲ್ಲಿ ಒಂದು ಹಿಡಿ ಶೇಂಗಾ ಹಾಕಿ, ‘ತಿನ್ನ’ ಅಂದರು. ಅವರು ತಿಂದರು.

ತಮ್ಮಾ, ಅವರು ಕೇಳುತ್ತಾರೆ, ನೀನು ನಿಜ ಹೇಳುತ್ತೀಯ. ಯಾರೂ ಹೇಳಿಲ್ಲರಿ, ಫ್ಲೆಕ್ಸ್ ನೋಡಿ ಒಂದು ಅಕ್ಷರದ ಚೇಷ್ಟೆ ಮಾಡಿದೆ, ಅಷ್ಟೇರಿ ಅನ್ನುತ್ತೀಯ. ಅದನ್ನು ಅವರು ನಂಬುವುದಿಲ್ಲ. ಭಾವಿಯಲ್ಲಿ ಏನಿದೆ ಎಂದು ಗೊತ್ತಿರುವವರಿಗೆ ಅದು ಚೇಷ್ಟೆಯೆಂದು ಹೇಗೆ ಅನಿಸಬೇಕು? ಅವರು ಇನ್ನೊಮ್ಮೆ ಕೇಳುತ್ತಾರೆ, ಆಮೇಲೆ ಮತ್ತೊಮ್ಮೆ. ನಿನ್ನ ಹತ್ತಿರ ಕೊಡಲು ಬೇರೆ ಉತ್ತರವೇ ಇಲ್ಲ. ನನಗೆ ಹೆದರಿಕೆಯಾಗಿರುವುದು ಅದಕ್ಕೇ. ಬರೆಯಬಾರದು ಎಂದುಕೊಂಡಿದ್ದೆ, ಬರೆದೇಬಿಟ್ಟೆ.

ಆದ್ದರಿಂದ ಬರಬೇಡ. ಗಂಟಲು ಕೆಟ್ಟಿದೆ ಎಂದರೆ ಇವರು ಡಾಕ್ಟರನ್ನೇ ಕಳಿಸುತ್ತಾರೆ. ಬ್ಯಾಂಡು ಒಡೆದಿದೆ, ಡ್ರಮ್ಮಿನವನು ಜಗಳಾಡಿ ಹೋದ ಎನ್ನು. ನೀವು ದಿನಾ ಜಗಳಾಡುವವರೇ, ಯಾರಿಗೂ ಸಂಶಯ ಬರುವುದಿಲ್ಲ. ಕೊಲ್ಲಾಪುರಕ್ಕೆ ಸಂಗ್ರಾಮ ಕಾಕಾನ ಮನೆಗೆ ಹೋಗಿ ಇರು. ಮಾವನವರ ಸ್ಟೇಜ್ ಬಿಟ್ಟು ಬೇರೆ ಎಲ್ಲಿ ಕರೆದರೂ ಹಾಡು, ಒಂದು ಸಾಲನ್ನೂ ಬದಲಿಸಬೇಡ. ಆ ಹಾಡು ಟ್ರ್ಯಾಕ್ಟರುಗಳಲ್ಲಿ ಓಡಾಡುವವರೆಗೂ ಈ ಮನೆಯ ಸೊಸೆ ಎಲ್ಲಿದ್ದಾಳೆ ಎಂದು ನಾಲ್ಕು ಜನ ಕೇಳುತ್ತಾರೆ. ಚಂದ್ರಮತಿಯನ್ನು ಯಾರೂ ಕೇಳಲಿಲ್ಲ.

ನನ್ನ ಬಗ್ಗೆ ಚಿಂತೆ ಮಾಡಬೇಡ. ಈಗ ಎಲ್ಲರೂ ಮೊದಲಿಗಿಂತ ಹೆಚ್ಚು ಪ್ರೀತಿಯಿಂದ ನೋಡಿಕೊಳ್ಳುತ್ತಾರೆ. ನಾನು ಹಿತ್ತಿಲಿಗೆ ಹೋದರೂ ಅತ್ತೆಯವರು ಹಿಂದೆಯೇ ಬರುತ್ತಾರೆ. ದಾಜಿ ನನ್ನ ಕಡೆ ನೋಡುವುದಿಲ್ಲ, ಆದರೆ ಬೈಯುವುದೂ ಇಲ್ಲ. ವಾಢದಿವಸದ ಗದ್ದಲ ಮುಗಿದ ಮೇಲೆ ಅವ್ವನಿಗೆ ಮೈಯಲ್ಲಿ ಆರಾಮಿಲ್ಲ ಎಂದು ಹೇಳಿ ಅಪ್ಪ ನನ್ನನ್ನು ಕರೆಯಲು ಬರಲಿ. ಒಬ್ಬರೇ ಬರುವುದು ಬೇಡ, ಡಿಪೋದ ನಾಲ್ಕು ಮಂದಿ ಗೆಳೆಯರನ್ನು ಕರೆದುಕೊಂಡು ಹಾಡುಹಗಲಿನಲ್ಲಿ ಬರಲಿ. ನಾನು ಉಟ್ಟ ಸೀರೆಯಲ್ಲಿ ಹೊರಡುತ್ತೇನೆ. ಅಲ್ಲಿಯವರೆಗೆ ನಾನು ಏನೂ ಅರಿಯದವಳ ಹಾಗೆ ಇರಬೇಕು. ಅದು ನನಗೆ ಚೆನ್ನಾಗಿ ಬರುತ್ತದೆ. ಕಾಲೇಜಿನ ನಾಟಕದಲ್ಲಿ ನನಗೆ ಬಹುಮಾನ ಬಂದಾಗ ಎಲ್ಲರಿಗಿಂತ ಜೋರಾಗಿ ಸಿಳ್ಳೆ ಹೊಡೆದವನು ನೀನೇ.

ಅವ್ವನಿಗೆ ನಾನು ಆರಾಮ ಇದ್ದೇನೆ ಎಂದು ಹೇಳು. ಊಟ ಸರಿಯಾಗಿ ಮಾಡು.

ನಿನ್ನ ದಾರಿ ಕಾಯದಿರಲು ಕಲಿಯುತ್ತಿರುವ,
ನಿನ್ನ ಅಕ್ಕ,
ದೀಪಾಲಿ

ತಾ.ಕ.: ಜನಾಬಾಯಿ ಹೊರಡುವುದು ಸ್ವಲ್ಪ ತಡವಾಯಿತು. ಅಷ್ಟರಲ್ಲಿ ಮಾವನವರು ಕರೆದು, ನಿನ್ನ ನಂಬರು ತಾವೇ ಒತ್ತಿ, ಫೋನು ನನ್ನ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತರು. ಅಕ್ಕ ಇವತ್ತು ಎಷ್ಟು ಖುಷಿಯಲ್ಲಿದ್ದಳು ಎಂದು ನೀನು ಅವ್ವನಿಗೆ ಹೇಳಿರಬಹುದು. ಬಾ ಎಂದೆ, ನಕ್ಕೆ, ಶೇಂಗಾ ಹೋಳಿಗೆ ಮಾಡುತ್ತೇನೆ ಎಂದೆ. ನೀನು, ‘ನೀ ಕರದ ಮ್ಯಾಲ ಬರದ ಇರ್ತೇನೇನ ಅಕ್ಕಾ’ ಅಂದೆ. ಮಾವನವರು ಫೋನು ತೆಗೆದುಕೊಂಡು, ‘ಚಲೋ ಮಾತಾಡಿದಿ’ ಅಂದರು. ಇನ್ನೂ ಮಾತಾಡಿಸುತ್ತಾರೆ. ಆ ಮಾತು ಯಾವುದೂ ನನ್ನದಲ್ಲ ಉತ್ತಮಾ. ನಾನು ಅತ್ತು ಕರೆದರೂ ಬರಬೇಡ.